ಮೂಗಿಗಿಂತ ಮೂಗುತಿ ಭಾರ: ದುಬಾರಿ ಕೇಬಲ್ ಹಾಕಿದರೆ ಹಾಡು ಚೆನ್ನಾಗಿ ಕೇಳುತ್ತದೆಯೇ?

ಪ್ರಶ್ನೆ: ಬಹಳ ದಿನದ ಆಸೆ, ಈ ಸಲ ಒಂದು ಜೊತೆ ಒಳ್ಳೆಯ ಸ್ಪೀಕರ್, ಒಂದು ಆಂಪ್ಲಿಫೈಯರ್ ಕೊಂಡೆ. ಎರಡೂ ಸೇರಿ 60,000 ರೂಪಾಯಿ ಆಯಿತು. ಅಂಗಡಿಯವರು ‘ಇಷ್ಟು ಖರ್ಚು ಮಾಡಿ ಕೇಬಲ್‌ನಲ್ಲಿ ಜಿಪುಣತನ ಬೇಡ ಸಾರ್’ ಎಂದು 18,000 ರೂಪಾಯಿಯ ಸ್ಪೀಕರ್ ಕೇಬಲ್ ತೋರಿಸಿದರು. ಅಲ್ಲೇ ಹಾಕಿ ಕೇಳಿಸಿದರು ಕೂಡ. ವ್ಯತ್ಯಾಸ ಇದೆ ಅನ್ನಿಸಿತು. ಮನೆಗೆ ಬಂದ ಮೇಲೆ ಅನುಮಾನ ಶುರುವಾಗಿದೆ. ಕೊಳ್ಳಲೋ ಬೇಡವೋ?

ಉತ್ತರ: ಬೇಡ.

ಇದೇ ಪ್ರಶ್ನೆ ಬೇರೆ ಬೇರೆ ಮೊತ್ತ ಹೊತ್ತು ಮತ್ತೆ ಮತ್ತೆ ಬರುತ್ತದೆ. ಒಬ್ಬರದು 3,000, ಇನ್ನೊಬ್ಬರದು ಲಕ್ಷ. ಉತ್ತರ ಮಾತ್ರ ಅದೇ. ಹಾಗೆಂದು ‘ಎಲ್ಲ ವೈರೂ ಒಂದೇ’ ಅನ್ನುವವರ ಗುಂಪಿಗೂ ನಾನು ಸೇರಿದವನಲ್ಲ. ಕೇಬಲ್ ಸದ್ದನ್ನು ಕೆಡಿಸಬಲ್ಲದು, ಅದನ್ನು ಕಿವಿಯಾರೆ ಕೇಳಿದ್ದೇನೆ. ಆದರೆ ಆಂಪ್ಲಿಫೈಯರ್ ಕೊಟ್ಟದ್ದಕ್ಕಿಂತ ಚೆನ್ನಾಗಿರುವುದನ್ನು ಯಾವ ಕೇಬಲ್ಲೂ ಸ್ಪೀಕರಿಗೆ ತಲುಪಿಸಲಾರದು. ಕೆಡಿಸದಿರುವುದೇ ಅದರ ಕೆಲಸ, ಮತ್ತು ಕೆಡಿಸದ ಕೇಬಲ್ ಬಲು ಅಗ್ಗಕ್ಕೆ ಸಿಗುತ್ತದೆ.

ಎಷ್ಟು ಅಗ್ಗಕ್ಕೆ ಅನ್ನುವುದನ್ನು ಲೆಕ್ಕ ಹಾಕಿಯೇ ನೋಡೋಣ. ಸ್ಪೀಕರ್ ತಂತಿಯ ಮಟ್ಟಿಗೆ ನಿಜವಾಗಿ ಲೆಕ್ಕಕ್ಕೆ ಬರುವುದು ಅದರ ರೋಧ, ಅಂದರೆ ಕರೆಂಟಿನ ಹರಿವಿಗೆ ಅದು ಒಡ್ಡುವ ತಡೆ. 1 ಚದರ ಮಿಲಿಮೀಟರ್ ದಪ್ಪದ, 1 ಮೀಟರ್ ಉದ್ದದ ತಾಮ್ರದ ತಂತಿಗೆ ಸುಮಾರು 0.017 ಓಮ್ ರೋಧ. ನಮ್ಮ ಎಲೆಕ್ಟ್ರಿಶಿಯನ್‌ಗಳು ‘ಎರಡೂವರೆ ಸ್ಕ್ವೇರ್’ (2.5 ಚದರ ಮಿಲಿಮೀಟರ್) ಅನ್ನುತ್ತಾರಲ್ಲ, ಪವರ್ ಸಾಕೆಟ್ಟಿಗೆ ಎಳೆಯುವ ಆ ವೈರನ್ನೇ ತೆಗೆದುಕೊಳ್ಳಿ. ಆಂಪ್ಲಿಫೈಯರ್‌ನಿಂದ ಸ್ಪೀಕರ್ 5 ಮೀಟರ್ ದೂರ ಇದ್ದರೆ ಹೋಗಿಬರುವ ದಾರಿ 10 ಮೀಟರ್, ಒಟ್ಟು ರೋಧ 0.07 ಓಮ್. ನಿಮ್ಮ ಸ್ಪೀಕರ್ 8 ಓಮ್‌ನದಾದರೆ ಇದರಿಂದ ತಗ್ಗುವ ಸದ್ದು 0.08 ಡೆಸಿಬೆಲ್‌ಗೂ ಕಡಿಮೆ. ಸಾಮಾನ್ಯವಾಗಿ ಕೇಳುವಾಗ 1 ಡೆಸಿಬೆಲ್ ಏರಿಳಿದರೆ ಮಾತ್ರ ‘ಏನೋ ಬದಲಾಯಿತು’ ಎಂದು ಹೊಳೆಯುವುದು. ಶ್ರದ್ಧೆಯಿಂದ ಕೂತು ಹೋಲಿಸಿದರೆ ಇನ್ನೂ ಸ್ವಲ್ಪ ಕಡಿಮೆಗೂ ಹೊಳೆದೀತು. 0.08ಕ್ಕೆ ಹೊಳೆಯುವುದಿಲ್ಲ.

ಬೆಳ್ಳಿ ತಂತಿ ಹಾಕಿದರೆ? ಬೆಳ್ಳಿಯ ರೋಧ ತಾಮ್ರದ್ದಕ್ಕಿಂತ ನೂರಕ್ಕೆ ಐದಾರರಷ್ಟು ಕಡಿಮೆ. ಅಂದರೆ 0.07 ಇದ್ದದ್ದು 0.065ರ ಆಸುಪಾಸಿಗೆ ಇಳಿಯುತ್ತದೆ. ತಾಮ್ರದ ವೈರನ್ನೇ ಒಂದೆಳೆ ದಪ್ಪ ತಂದರೆ ಅದಕ್ಕಿಂತ ಹೆಚ್ಚು ಲಾಭ. ಪೆಟ್ಟಿಗೆಯ ಮೇಲೆ ಬಂಗಾರದ ಅಕ್ಷರದಲ್ಲಿ ಬರೆದಿರುವ ‘ಆಕ್ಸಿಜನ್ ಫ್ರೀ’ ತಾಮ್ರದ್ದೂ ಇದೇ ಕತೆ. ಮಾಮೂಲಿ ವಿದ್ಯುತ್ ತಾಮ್ರಕ್ಕೂ ಅದಕ್ಕೂ ವಾಹಕತೆಯಲ್ಲಿ ನೂರಕ್ಕೆ ಒಂದರಷ್ಟು ಅಂತರ, ಅಷ್ಟೇ.

ಅಷ್ಟಕ್ಕೂ ಆ ಕೇಬಲ್ ಮುಗಿದ ಮೇಲೆ ಏನಿದೆ ಎಂದು ಸ್ಪೀಕರಿನ ಹಿಂಬದಿ ಬಿಚ್ಚಿ ನೋಡಿದವರಿಗೆ ನಗು ಬರುತ್ತದೆ. ಸದ್ದು ಕ್ರಾಸ್‌ಓವರಿನ (ದಪ್ಪ ಸ್ವರ, ಸಣ್ಣ ಸ್ವರಗಳನ್ನು ಬೇರ್ಪಡಿಸುವ ಭಾಗ) ತಾಮ್ರದ ಸುರುಳಿಗಳನ್ನು ಹಾದು ಕೊನೆಗೆ ವಾಯ್ಸ್ ಕಾಯಿಲ್ ಅನ್ನುವ, ಕೂದಲಿನಂಥ ತಂತಿಯ ಸುರುಳಿಗೆ ಬರಬೇಕು. 8 ಓಮ್ ಸ್ಪೀಕರಿನಲ್ಲಿ ಆ ಸುರುಳಿಯೊಂದರ ರೋಧವೇ ಸುಮಾರು 6 ಓಮ್. ಆರು ಓಮಿನ ಮುಂದೆ 0.07ರ ಮೇಲೆ 18,000 ಸುರಿಯುವುದು, ಅದೂ ಒಟ್ಟು 60,000ದ ಸೆಟ್ಟಿಗೆ. ತಲೆಬರಹದ ಗಾದೆ ಅದಕ್ಕೇ ಬಂತು.

ಹಾಗಾದರೆ ಕೆಡಿಸುವ ಕೇಬಲ್ ಯಾವುದು? ಸೆಟ್ಟಿನ ಜೊತೆ ಪುಕ್ಕಟೆ ಬರುತ್ತದಲ್ಲ, ನೂಲಿನಂಥ ವೈರು, ಅದು. 0.2 ಚದರ ಮಿಲಿಮೀಟರಿನ ಅಂಥ ತಂತಿಯನ್ನು ಅದೇ 5 ಮೀಟರಿಗೆ ಎಳೆದರೆ ರೋಧ 0.85 ಓಮ್ ದಾಟುತ್ತದೆ. 4 ಓಮಿನ ಸ್ಪೀಕರಾದರೆ ಒಂದೂವರೆ ಡೆಸಿಬೆಲ್‌ಗೂ ಹೆಚ್ಚು ನಷ್ಟ. ಬರೀ ಸದ್ದು ಕಡಿಮೆಯಾಗಿದ್ದರೆ ವಾಲ್ಯೂಮ್ ತಿರುಗಿಸಿ ಸುಮ್ಮನಾಗಬಹುದಿತ್ತು. ಆದರೆ ಸ್ಪೀಕರಿನ 8 ಓಮ್ ಅನ್ನುವುದು ಹೆಸರಿಗೆ ಮಾತ್ರ; ಒಂದು ಸ್ವರಕ್ಕೆ ಅದು 5 ಓಮ್ ಆಗಿರುತ್ತದೆ, ಮೃದಂಗದ ಎಡಗಡೆಯ ಗುಮಕಿನ ಹತ್ತಿರ 20 ದಾಟಿರಬಹುದು. ತಂತಿಯ ರೋಧ ದೊಡ್ಡದಾದಾಗ ಒಂದೊಂದು ಸ್ವರಕ್ಕೆ ಒಂದೊಂದು ಪ್ರಮಾಣದ ನಷ್ಟವಾಗಿ ಸದ್ದಿನ ಬಣ್ಣವೇ ಬದಲಾಗುತ್ತದೆ. ಅಮೆರಿಕದ ಮ್ಯಾಕಿಂಟಾಷ್ ಆಂಪ್ಲಿಫೈಯರ್ ಕಂಪನಿಯಲ್ಲಿ ಸ್ಪೀಕರ್ ವಿನ್ಯಾಸಕಾರರಾಗಿದ್ದ ರೋಜರ್ ರಸೆಲ್ ಇದಕ್ಕೊಂದು ಸುಲಭ ಅಳತೆ ಹೇಳಿದ್ದರು: ತಂತಿಯ ಒಟ್ಟು ರೋಧ ಸ್ಪೀಕರಿನ ಓಮಿನ ನೂರಕ್ಕೆ ಐದನ್ನು ಮೀರದಿರಲಿ. 8 ಓಮಿಗೆ 0.4. ನಮ್ಮ ಎರಡೂವರೆ ಸ್ಕ್ವೇರ್ ಅದರ ಐದನೇ ಒಂದು ಭಾಗದಲ್ಲೇ ಇದೆ.

1970ರ ದಶಕದವರೆಗೆ ಅಮೆರಿಕದಲ್ಲೂ ಜನ ಟೇಬಲ್ ಲ್ಯಾಂಪಿನ ವೈರನ್ನೇ ಸ್ಪೀಕರಿಗೆ ಹಾಕಿಕೊಂಡಿದ್ದರು. 1979ರಲ್ಲಿ ನೋಯೆಲ್ ಲೀ ಎಂಬ ಎಂಜಿನಿಯರ್ ಮಾನ್‌ಸ್ಟರ್ ಕೇಬಲ್ ಕಂಪನಿ ಶುರು ಮಾಡಿ ದಪ್ಪ ತಂತಿಯನ್ನು ಅಂದದ ಪ್ಯಾಕೆಟ್ಟಿನಲ್ಲಿಟ್ಟು ಮಾರಿದ ಮೇಲೆ ‘ಸ್ಪೀಕರ್ ಕೇಬಲ್’ ಅನ್ನುವುದೇ ಬೇರೊಂದು ಸರಕಾಯಿತು. ನ್ಯಾಯವಾಗಿ ನೋಡಿದರೆ ತೆಳು ವೈರು ಬಿಟ್ಟು ದಪ್ಪ ವೈರು ಹಾಕಿ ಎಂಬ ಅವನ ಮೂಲ ಮಾತಿನಲ್ಲಿ ಹುರುಳಿತ್ತು. ದಪ್ಪ ವೈರು ಎಲ್ಲರ ಕೈಗೂ ಸಿಕ್ಕ ಮೇಲೂ ಬೆಲೆ ಏರುತ್ತಲೇ ಹೋಯಿತು, ತೊಂದರೆ ಅಲ್ಲಿದೆ.

ಈಗ ನಿಮ್ಮ ಪ್ರಶ್ನೆಯ ಕಷ್ಟದ ಭಾಗ. ‘ನಾನೇ ಕೇಳಿದೆನಲ್ಲ, ವ್ಯತ್ಯಾಸ ಇತ್ತಲ್ಲ?’

ಇತ್ತು. ನೀವು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಕೇಬಲ್‌ನಿಂದಲೇ ಬಂತೇ ಅನ್ನುವುದು ಬೇರೆ ಪ್ರಶ್ನೆ. ಒಂದೇ ಹಾಡನ್ನು ಎರಡನೆಯ ಸಲ ಕೇಳಿದಾಗ ಕಿವಿ ಬೇರೆ ಕಡೆ ಹೋಗುತ್ತದೆ. ಮೊದಲ ಸಲ ಪಲ್ಲವಿಯಲ್ಲಿ ಕಳೆದುಹೋದವರಿಗೆ ಎರಡನೆಯ ಸಲ ಹಿಂದಿನ ಘಟದ ನಡೆ ಕೇಳಿಸುತ್ತದೆ, ‘ಅರೆ, ಇದು ಮುಂಚೆ ಇರಲಿಲ್ಲ’ ಅನ್ನಿಸುತ್ತದೆ. ಜೊತೆಗೆ ವಾಲ್ಯೂಮ್ ಕೂದಲೆಳೆಯಷ್ಟು ಹೆಚ್ಚಿದ್ದರೂ ನಮ್ಮ ಮನಸ್ಸು ಅದನ್ನು ‘ಜೋರು’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. ಕಣ್ಣಿನ ಪಾಲೂ ಕಡಿಮೆಯಲ್ಲ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ನೌಕರರನ್ನೇ ಕೂರಿಸಿಕೊಂಡು ಸ್ಪೀಕರ್‌ಗಳಿಗೆ ಅಂಕ ಕೊಡಿಸಿದರು, ಒಮ್ಮೆ ಪರದೆಯ ಹಿಂದೆ, ಒಮ್ಮೆ ಕಣ್ಣೆದುರಿಗೆ. ಕಣ್ಣೆದುರಿಗಿದ್ದಾಗ ದೊಡ್ಡ, ಚೆಂದದ ಪೆಟ್ಟಿಗೆಗಳ ಅಂಕ ಏರಿತು, ಚಿಕ್ಕ ಅಗ್ಗದ್ದರ ಅಂಕ ಇಳಿಯಿತು. ಸ್ಪೀಕರ್ ಕಂಪನಿಯವರದೇ ಪಾಡು ಇದಾದರೆ, ಬೆರಳು ದಪ್ಪದ ಹೆಣೆದ ಕೇಬಲ್ ನೋಡುತ್ತಾ ಅಂಗಡಿಯ ಮೆತ್ತನೆ ಸೋಫಾದಲ್ಲಿ ಕೂತವರ ಪಾಡೇನು?

ನನ್ನದೂ ಒಂದು ಕತೆ ಇದೆ. ಗೆಳೆಯನ ಮನೆಯಲ್ಲಿ ಹಳೆಯ ಆರ್‌ಸಿಎ ಕೇಬಲ್ (ಪ್ಲೇಯರಿನಿಂದ ಆಂಪ್ಲಿಫೈಯರಿಗೆ ಹೋಗುವುದು) ತೆಗೆದು ಹೊಸದು ಹಾಕಿದಾಗ ನಾಲ್ವರಿಗೂ ವ್ಯತ್ಯಾಸ ಕೇಳಿಸಿತು, ಎಡಗಡೆಯ ಮಂಕು ಹೋಗಿ ಬೆಳಕು ಬಂದ ಹಾಗೆ. ಹೊಸ ಕೇಬಲ್ಲನ್ನು ಹೊಗಳಿ ಚಹಾ ಕುಡಿದೆವು. ಆಮೇಲೆ ಯಾರಿಗೋ ಹಳೆಯದನ್ನು ಮತ್ತೆ ಹಾಕಿ ನೋಡುವ ಬುದ್ಧಿ ಬಂತು. ಅದೂ ಹೊಸದರಷ್ಟೇ ಚೆನ್ನಾಗಿ ಕೇಳಿತು! ವರ್ಷಗಟ್ಟಲೆ ಅಲುಗಾಡದೆ ಕಿಲುಬು ಹಿಡಿದಿದ್ದ ಪ್ಲಗ್ಗು ಎಳೆದು ಚುಚ್ಚುವಾಗ ಉಜ್ಜಿಕೊಂಡು ಶುದ್ಧವಾಗಿತ್ತು. ಆವತ್ತಿನಿಂದ ಕೇಬಲ್ ಬದಲಿಸಿ ಎನ್ನುವವರಿಗೆ ಮೊದಲು ಪ್ಲಗ್ ಒರೆಸಿ ಅನ್ನುತ್ತೇನೆ.

ಸಂಗೀತ ಬಲ್ಲವರು ಎತ್ತುವ ಒಂದು ಆಕ್ಷೇಪ ಮಾತ್ರ ನನಗೆ ಬಹಳ ಇಷ್ಟ. ‘ತಂಬೂರಿಯ ಜೀವಾಳಿ ನೋಡಿ. ಕುದುರೆಯ ಮೇಲೆ ಒಂದೆಳೆ ನೂಲು ಅತ್ತಿತ್ತ ಸರಿದರೆ ನಾದವೇ ಬೇರೆ. ನೂಲಿಗೆ ಅಷ್ಟು ಶಕ್ತಿ ಇದ್ದರೆ ತಂತಿಗೆ ಇಲ್ಲವೇ?’ ಚೆಂದದ ಮಾತು. ಆದರೆ ಆ ನೂಲು ಕೂತಿರುವುದು ನಾದ ಹುಟ್ಟುವ ಜಾಗದಲ್ಲಿ, ಮಿಡಿಯುತ್ತಿರುವ ತಂತಿಗೆ ತಾಗಿಕೊಂಡು. ಕೇಬಲ್ ಹುಟ್ಟಿದ ನಾದವನ್ನು ಹೊತ್ತು ತರುವ ಆಳು. ನಿಮ್ಮ ಸೆಟ್ಟಿನಲ್ಲಿ ಜೀವಾಳಿಗೆ ಹೋಲಿಸಬಹುದಾದದ್ದು ಅದುರಿ ಸದ್ದು ಹೊರಡಿಸುವ ಸ್ಪೀಕರಿನ ಕೋನು ಮತ್ತು ನೀವು ಕೂತಿರುವ ಕೋಣೆ. ಸ್ಪೀಕರನ್ನು ಗೋಡೆಯಿಂದ ಒಂದಡಿ ಮುಂದೆ ಎಳೆದು ನೋಡಿ, ನಾನು ಹೇಳುವುದು ಏನೆಂದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಕೇಬಲ್‌ನ ವಾದ ತೀರಿಸಲು ಒಂದೇ ದಾರಿ: ಯಾವುದು ಹಾಕಿದೆ ಎಂದು ಗೊತ್ತಿಲ್ಲದೆ ಕೇಳುವುದು. ಮನೆಯವರೊಬ್ಬರು ನಾಣ್ಯ ಚಿಮ್ಮಿ, ಬಿದ್ದ ಮುಖದ ಪ್ರಕಾರ ಕೇಬಲ್ ಹಾಕಲಿ; ನೀವು ಅವರ ಮುಖವೂ ಕಾಣದಂತೆ ಕೂತು ಇದು ಯಾವುದೆಂದು ಹೇಳಿ. ಹೀಗೆ 16 ಸಲ. ಬರೀ ಅದೃಷ್ಟದಿಂದ 8ರ ಸುತ್ತ ಸರಿ ಬರುತ್ತದೆ. 12 ಅಥವಾ ಹೆಚ್ಚು ಸರಿ ಬರುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ, ಹಾಗಾಗಿ 12 ಬಂದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. 2007ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಇಂಥದೇ ಪರೀಕ್ಷೆಗೆ 10 ಲಕ್ಷ ಡಾಲರ್ ಪಣ ಒಡ್ಡಿದ್ದರು. ಎದುರಿಗಿದ್ದದ್ದು 7,250 ಡಾಲರಿನ ಪೇರ್ ಕಂಪನಿಯ ಸ್ಪೀಕರ್ ಕೇಬಲ್. ಮೈಕೆಲ್ ಫ್ರೆಮರ್ ಎಂಬ ಹೆಸರಾಂತ ಆಡಿಯೊ ಬರಹಗಾರ ಸಿದ್ಧ ಎಂದರು, ಕೇಬಲ್ ಕಂಪನಿ ಹಿಂದೆ ಸರಿಯಿತು, ಪರೀಕ್ಷೆ ನಡೆಯಲೇ ಇಲ್ಲ. ಎರಡೂ ಕಡೆಯವರು ಇವತ್ತಿಗೂ ಅದನ್ನು ತಮ್ಮ ಗೆಲುವಿನ ಖಾತೆಗೆ ಬರೆದುಕೊಳ್ಳುತ್ತಾರೆ.

ಕೇಬಲ್ ನಿಜಕ್ಕೂ ಮುಖ್ಯವಾಗುವ ಜಾಗಗಳೂ ಇವೆ. ಸಂಕೇತ ಸಣ್ಣದಾಗಿರುವ ಕಡೆ. ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ಕೇಬಲ್ ಉದ್ದದ ಬಗ್ಗೆ ಜಗಳವಾಡಿದರೆ ನಾನು ಅವರ ಪರ. ತಂತಿಯ ಮಿಡಿತವನ್ನು ವಿದ್ಯುತ್ತಾಗಿಸುವ ಅದರ ಪಿಕಪ್ಪಿನೊಳಗಿನ ಸುರುಳಿ ಮತ್ತು ಕೇಬಲ್‌ನ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ) ಸೇರಿ ಕೆಲವು ಸಾವಿರ ಹರ್ಟ್ಸ್‌ನಲ್ಲಿ ಒಂದು ಏರು ಉಂಟಾಗುತ್ತದೆ. ಮೂರು ಮೀಟರಿನ ಕೇಬಲ್ ಬದಲು ಆರು ಮೀಟರಿನದು ಹಾಕಿದರೆ ಆ ಏರು ಸುಮಾರು 5,000ದಿಂದ 4,000 ಹರ್ಟ್ಸ್ ಕಡೆಗೆ ಜಾರಬಹುದು, ಸದ್ದು ಮೆತ್ತಗಾಗುತ್ತದೆ. ಇದು ಅಳೆದರೂ ಕಾಣುತ್ತದೆ, ಕಣ್ಣು ಕಟ್ಟಿಕೊಂಡರೂ ಕೇಳುತ್ತದೆ. ಗ್ರಾಮಫೋನ್ ತಟ್ಟೆಯ ಮೇಲೆ ಓಡುವ ಮುಳ್ಳನ್ನು ಹಿಡಿದಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ಜಿಗೂ ಇದೇ ಕಾಯಿಲೆ.

ಕಛೇರಿಯ ವೇದಿಕೆಯಲ್ಲಿ ಮೈಕಿನಿಂದ ಮಿಕ್ಸರ್‌ವರೆಗೆ 30 ಮೀಟರ್ ಕೇಬಲ್, ಪಕ್ಕದಲ್ಲೇ ದೀಪಗಳ ವೈರು. ಅಲ್ಲಿ ಹೆಣೆದ ಜೋಡಿ ತಂತಿಯ, ಎಕ್ಸ್‌ಎಲ್‌ಆರ್ ಪ್ಲಗ್ಗಿನ ಬ್ಯಾಲೆನ್ಸ್ಡ್ ಕೇಬಲ್ಲೇ ಬೇಕು. ಎರಡು ತಂತಿಗಳನ್ನು ಒಂದಕ್ಕೊಂದು ಸುತ್ತಿದರೆ ಹೊರಗಿನ ಗದ್ದಲ ಎರಡಕ್ಕೂ ಸಮವಾಗಿ ಅಂಟಿಕೊಂಡು ಕೊನೆಯಲ್ಲಿ ಕಳೆದುಹೋಗುತ್ತದೆ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದ ಉಪಾಯ ಇದು.

ಮನೆಯಲ್ಲಿ ಗುಂಯ್ ಎನ್ನುವ ಸದ್ದಿದ್ದರೆ ಅದು ಬಹುಮಟ್ಟಿಗೆ ನಮ್ಮ 50 ಹರ್ಟ್ಸ್ ಕರೆಂಟಿನದು, ಹಲವು ಸಲ ಅರ್ಥಿಂಗ್ ಎರಡು ದಾರಿಯಲ್ಲಿ ಸೇರಿ ಆಗುವ ಸುತ್ತಿನದು. ಟಿವಿಗೆ ಬರುವ ಕೇಬಲ್ ಒಮ್ಮೆ ಕಿತ್ತು ನೋಡಿ, ಸದ್ದು ನಿಂತರೆ ಕಳ್ಳ ಸಿಕ್ಕಿದ. ಯಾರಾದರೂ ಪ್ಲಗ್ಗಿನ ಅರ್ಥ್ ಪಿನ್ ಮುರಿದುಹಾಕಿ ಎಂದರೆ ಕೇಳಬೇಡಿ, ಅದು ಪ್ರಾಣದ ವಿಚಾರ.

ದುಬಾರಿ ಪವರ್ ಕಾರ್ಡ್ ಬಗ್ಗೆ ಹೆಚ್ಚು ಬರೆಯಲು ಮನಸ್ಸಿಲ್ಲ. ಶರಾವತಿಯಿಂದಲೋ ರಾಯಚೂರಿನಿಂದಲೋ ನೂರಾರು ಕಿಲೋಮೀಟರ್ ಅಲ್ಯೂಮಿನಿಯಂ ತಂತಿಯಲ್ಲಿ ಕಾಡು ಮೇಡು ದಾಟಿ, ಟ್ರಾನ್ಸ್‌ಫಾರ್ಮರ್ ಹತ್ತಿ ಇಳಿದು ಬಂದ ಕರೆಂಟಿಗೆ ಕೊನೆಯ ಒಂದು ಮೀಟರಿನಲ್ಲಿ ಸಂಸ್ಕಾರ ಕೊಡಿಸಲು ಹೊರಡುವುದು ತಮಾಷೆ. ಎಚ್‌ಡಿಎಂಐ, ಯುಎಸ್‌ಬಿಗಳಲ್ಲಿ ಹರಿಯುವುದು ಅಂಕಿಗಳು. ಕೇಬಲ್ ಸೋತರೆ ಪರದೆಯಲ್ಲಿ ಚುಕ್ಕಿ ಮಿನುಗುತ್ತದೆ, ಸದ್ದು ಕಡಿಕಡಿಯಾಗುತ್ತದೆ. ‘ಸ್ವರ ಸ್ವಲ್ಪ ಮಂಕಾಯಿತು’ ಅನ್ನುವ ಸೋಲು ಅಲ್ಲಿಲ್ಲ. 2008ರ ಸುಮಾರಿಗೆ ಡೆನಾನ್ ಕಂಪನಿ ಒಂದೂವರೆ ಮೀಟರಿನ ನೆಟ್‌ವರ್ಕ್ ಕೇಬಲ್ಲನ್ನು, ಯಾವ ದಿಕ್ಕಿಗೆ ಹಾಕಬೇಕೆಂದು ಬಾಣದ ಗುರುತಿಟ್ಟು, 499 ಡಾಲರಿಗೆ ಮಾರಿತ್ತು.

ಕೊನೆಗೆ, ಏನು ಕೊಳ್ಳಬೇಕು? ಬೆಂಗಳೂರಿನವರಾದರೆ ಎಸ್.ಪಿ. ರಸ್ತೆ, ಬೇರೆ ಊರಿನವರಾದರೆ ನಿಮ್ಮ ಎಲೆಕ್ಟ್ರಿಕಲ್ ಅಂಗಡಿ. ಐಎಸ್‌ಐ ಗುರುತಿರುವ, ಎಳೆ ಎಳೆಯಾದ ತಾಮ್ರದ ವೈರು. ದೂರ ನಾಲ್ಕೈದು ಮೀಟರ್ ಇದ್ದರೆ ಒಂದೂವರೆ ಸ್ಕ್ವೇರ್ ಸಾಕು, ಹೆಚ್ಚಿದ್ದರೆ ಎರಡೂವರೆ. ‘ಸ್ಪೀಕರ್ ವೈರ್’ ಎಂದೇ ಬರೆದ ಪಾರದರ್ಶಕ ಅಗ್ಗದ ವೈರಿನ ಬಗ್ಗೆ ಎಚ್ಚರ. ಅದರಲ್ಲಿ ಹಲವು ತಾಮ್ರದ ಹೊದಿಕೆಯ ಅಲ್ಯೂಮಿನಿಯಂ. ಒಂದೆಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಹೊರಗೆ ಕೆಂಪು, ಒಳಗೆ ಬಿಳಿ ಕಂಡರೆ ಅಲ್ಯೂಮಿನಿಯಂ. ಹೊರಗೆ ಬಿಳಿ, ಒಳಗೆ ಕೆಂಪಾದರೆ ತವರ ಲೇಪಿಸಿದ ಅಸಲಿ ತಾಮ್ರ, ಹೆದರಬೇಡಿ. ಮಂಗಳೂರು, ಉಡುಪಿ, ಕಾರವಾರದವರಿಗೆ ಆ ತವರದ ವೈರೇ ವಾಸಿ. ಉಪ್ಪುಗಾಳಿಗೆ ಬರಿ ತಾಮ್ರದ ತುದಿ ಬೇಗ ಹಸಿರುಗಟ್ಟುತ್ತದೆ. ಚಿನ್ನದ ಲೇಪದ ಪ್ಲಗ್ಗಿಗೆ ನೂರಿನ್ನೂರು ಹೆಚ್ಚು ಕೊಡುವುದೂ ಅಲ್ಲಿ ದಂಡವಲ್ಲ, ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ.

ಜೋಡಿಸುವಾಗ ಎರಡೂ ಸ್ಪೀಕರಿನಲ್ಲಿ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೇ ಹೋಗಿದೆಯೇ ನೋಡಿಕೊಳ್ಳಿ. ಒಂದರಲ್ಲಿ ಅದಲು ಬದಲಾದರೆ ಒಂದು ಕೋನು ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗಿ ಬೇಸ್ ಸೊರಗುತ್ತದೆ, ನಡುವೆ ನಿಲ್ಲಬೇಕಾದ ಹಾಡುಗಾರರ ದನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ. ನಿಮಗೆ ತೋರಿಸಿದ 18,000ದ ಕೇಬಲ್ಲನ್ನು ಹೀಗೆ ಜೋಡಿಸಿದರೂ ಅಷ್ಟೇ.