ಇಷ್ಟ ಬೇರೆ, ಬೇಕು ಬೇರೆ: ಮದ್ಯ ಮತ್ತು ಮಿದುಳಿನ ಪ್ರತಿಫಲ ವ್ಯವಸ್ಥೆ

ಮನೋವೈದ್ಯಕೀಯ ವಾರ್ಡಿನ ಪೋಸ್ಟಿಂಗ್‌ನಲ್ಲಿ ಒಂದು ಬೆಳಿಗ್ಗೆ ಕಂಡದ್ದನ್ನು ಮೊದಲು ಬರೆಯುತ್ತೇನೆ. ಐವತ್ತರ ಆಸುಪಾಸಿನವರೊಬ್ಬರು ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕಾಫಿ ಕುಡಿಯುತ್ತಿದ್ದರು. ಆದರೂ ಕೈ ನಡುಗಿ ಅರ್ಧ ಕಾಫಿ ಅಂಗಿಯ ಮೇಲೆ ಚೆಲ್ಲಿತು. "ಈಗ ಅದ್ರಲ್ಲಿ ಏನೂ ಮಜಾ ಇಲ್ಲ ಸಿಸ್ಟರ್, ಆದ್ರೂ ಬೇಕು ಅನ್ಸುತ್ತೆ" ಎಂದು ಕುಡಿತದ ಬಗ್ಗೆ ಅಂದರು. ಈ ಪಾಠದ ತಿರುಳು ಆ ಮಾತಿನಲ್ಲೇ ಇದೆ.

"ಡೋಪಮೈನ್ ಅಂದರೆ ಸಂತೋಷದ ರಾಸಾಯನಿಕ" ಎಂದು ಒಂದು ಸಾಲು ಬರೆದು ನಾವು ಮುಂದಕ್ಕೆ ಹೋಗಿಬಿಡುತ್ತೇವೆ. ಅಷ್ಟೇ ಆಗಿದ್ದರೆ ಮಜಾ ಹೋದ ದಿನವೇ ಕುಡಿತವೂ ಬಿಟ್ಟುಹೋಗಬೇಕಿತ್ತು.

ಮೊದಲು ದಾರಿ ಗುರುತಿಸಿಕೊಳ್ಳೋಣ. ನಡುಮಿದುಳಿನಲ್ಲಿ ವೆಂಟ್ರಲ್ ಟೆಗ್ಮೆಂಟಲ್ ಏರಿಯಾ, ಚಿಕ್ಕದಾಗಿ ವಿಟಿಎ, ಎಂಬ ಸಣ್ಣ ಜಾಗವಿದೆ. ಅಲ್ಲಿಂದ ಹೊರಟ ನರತಂತುಗಳು ಮುಂಮಿದುಳಿನ ನ್ಯೂಕ್ಲಿಯಸ್ ಅಕ್ಯುಂಬೆನ್ಸ್‌ಗೆ ಹೋಗಿ ಡೋಪಮೈನ್ ಸುರಿಸುತ್ತವೆ. ಊಟ, ನೀರು, ಮಕ್ಕಳ ನಗು, ಎಲ್ಲದಕ್ಕೂ ಇದೇ ದಾರಿ, ಇದೇ ಪ್ರತಿಫಲ ವ್ಯವಸ್ಥೆ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮಿದುಳಿಗೆ ತಂತಿ ಇಳಿಸಿ, ಸನ್ನೆ (ಲಿವರ್) ಒತ್ತಿದರೆ ಸಣ್ಣದಾಗಿ ವಿದ್ಯುತ್ ಹರಿಯುವಂತೆ ಮಾಡಿದರು. ತಂತಿ ಕೆಲವು ಜಾಗಗಳಲ್ಲಿದ್ದಾಗ ಇಲಿಗಳು ಬಿಡದೆ ಸನ್ನೆ ಒತ್ತುತ್ತಲೇ ಇದ್ದವು. ಪ್ರತಿಫಲ ವ್ಯವಸ್ಥೆಯ ಅಧ್ಯಯನ ಗಟ್ಟಿಯಾಗಿ ಶುರುವಾದದ್ದು ಅಲ್ಲಿಂದ.

ಮದ್ಯ ಈ ದಾರಿಗೆ ನುಗ್ಗುವುದು ಸುತ್ತುಬಳಸಿ. ವಿಟಿಎಯ ಡೋಪಮೈನ್ ನರಕೋಶಗಳನ್ನು ಗಾಬಾ ಎಂಬ ಶಾಂತಗೊಳಿಸುವ ರಾಸಾಯನಿಕ ಬಿಡುವ ನರಕೋಶಗಳು ಸದಾ ಹತೋಟಿಯಲ್ಲಿ ಇಟ್ಟಿರುತ್ತವೆ. ಕಾಲುವೆಯ ತೂಬಿಗೆ ಕೂತ ಕಾವಲುಗಾರ ಅಂದುಕೊಳ್ಳಿ. ಮದ್ಯ ಒಳಗೆ ಹೋದಾಗ ಎಂಡಾರ್ಫಿನ್‌ಗಳು, ಅಂದರೆ ಮಿದುಳೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳು, ಬಿಡುಗಡೆಯಾಗಿ ಆ ಕಾವಲುಗಾರನನ್ನು ಮಲಗಿಸುತ್ತವೆ, ತೂಬು ತೆರೆದು ಡೋಪಮೈನ್ ಹರಿಯುತ್ತದೆ. ಮದ್ಯ ಡೋಪಮೈನ್ ನರಕೋಶಗಳನ್ನು ನೇರವಾಗಿಯೂ ಕೆರಳಿಸುತ್ತದೆ. ಆದರೆ ಎಂಡಾರ್ಫಿನ್ ಹೆಸರು ನೆನಪಿರಲಿ, ಔಷಧದ ಮಾತು ಬಂದಾಗ ಬೇಕಾಗುತ್ತದೆ.

ಈಗ "ಬೇಕು" ಎಲ್ಲಿಂದ ಹುಟ್ಟುತ್ತದೆ ನೋಡಿ. ನನಗೆ ಬಹಳ ಹಿಡಿಸಿದ ಭಾಗ ಇದು. ವುಲ್ಫ್‌ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಕೋತಿಗಳ ಡೋಪಮೈನ್ ನರಕೋಶಗಳನ್ನು ಗಮನಿಸಿದರು. ಮೊದಮೊದಲು ಹಣ್ಣಿನ ರಸ ಸಿಕ್ಕಾಗ ನರಕೋಶ ಮಿಡಿಯುತ್ತಿತ್ತು. ರಸಕ್ಕೆ ಮುಂಚೆ ಸುಳಿವೊಂದು ಬರುತ್ತದೆ ಎಂದು ಕೋತಿ ಕಲಿತ ಮೇಲೆ, ಮಿಡಿತ ಆ ಸುಳಿವಿನ ಕ್ಷಣಕ್ಕೆ ಜರುಗಿತು. ಕುಡಿಯುವವರಿಗೆ ಆ ಸುಳಿವು ಸಂಜೆ ಆರು ಗಂಟೆ ಇರಬಹುದು, ಬಾರಿನ ಬೋರ್ಡ್ ಇರಬಹುದು, ತೊಂಬತ್ತು ಎಂಎಲ್‌ನ ಟೆಟ್ರಾ ಪ್ಯಾಕೆಟ್ಟಿನ ಮೂಲೆ ಹರಿಯುವ ಸದ್ದೂ ಇರಬಹುದು. ಒಂದು ಹನಿಯೂ ನಾಲಿಗೆಗೆ ತಾಗುವ ಮುಂಚೆಯೇ ಮಿದುಳು ಎದ್ದು ಕೂತಿರುತ್ತದೆ. 1993ರಲ್ಲಿ ಮನೋವಿಜ್ಞಾನಿಗಳಾದ ಟೆರ‍್ರಿ ರಾಬಿನ್ಸನ್ ಮತ್ತು ಕೆಂಟ್ ಬೆರಿಜ್ ಇದನ್ನು ಸಿದ್ಧಾಂತವಾಗಿ ಬರೆದರು: ಇಷ್ಟಪಡುವುದಕ್ಕೂ ಬೇಕೆನಿಸುವುದಕ್ಕೂ ಮಿದುಳಿನಲ್ಲಿ ಬೇರೆಬೇರೆ ಏರ್ಪಾಡು. ಚಟ ಬೆಳೆದಂತೆ "ಬೇಕು" ಹರಿತವಾಗುತ್ತ ಹೋಗುತ್ತದೆ, "ಇಷ್ಟ" ಇದ್ದಲ್ಲೇ ಇರುತ್ತದೆ ಅಥವಾ ಕುಗ್ಗುತ್ತದೆ. ಇಷ್ಟು ಓದಿದ ಮೇಲೆ "ಮನಸ್ಸು ಮಾಡಿದ್ರೆ ಬಿಡಬಹುದಿತ್ತು" ಎಂದು ಯಾರ ಬಗ್ಗೆಯೂ ಹೇಳಲು ನನಗೆ ಬಾಯಿ ಬರುವುದಿಲ್ಲ. ಕೇಸ್ ಶೀಟಿನಲ್ಲಿ "ಕುಡುಕ" ಎಂದು ಬರೆಯಬೇಡಿ, "ಮದ್ಯ ಅವಲಂಬನೆ ಇರುವವರು" ಎಂದು ಬರೆಯಿರಿ.

ಇನ್ನು ಆ ಕೈನಡುಕ. ಮದ್ಯ ಗಾಬಾದ ಶಾಂತಗೊಳಿಸುವ ಕೆಲಸವನ್ನು ಹೆಚ್ಚಿಸಿ, ಮಿದುಳನ್ನು ಕೆರಳಿಸುವ ರಾಸಾಯನಿಕವಾದ ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಕಗಳನ್ನು, ಅಂದರೆ ಅದು ಬಂದು ಕೂರುವ ಜಾಗಗಳನ್ನು, ತಡೆಯುತ್ತದೆ. ವರ್ಷಗಟ್ಟಲೆ ಹೀಗಾದರೆ ಮಿದುಳು ಎದುರು ತೂಕ ಇಡುತ್ತದೆ: ಗಾಬಾ ಗ್ರಾಹಕಗಳು ಮಂದವಾಗುತ್ತವೆ, ಎನ್‌ಎಂಡಿಎ ಗ್ರಾಹಕಗಳು ಹೆಚ್ಚುತ್ತವೆ. ಮದ್ಯವನ್ನು ದಿಢೀರನೆ ನಿಲ್ಲಿಸಿದಾಗ ತಕ್ಕಡಿಯ ಒಂದು ತಟ್ಟೆ ಖಾಲಿಯಾಗಿ ಇನ್ನೊಂದು ಧಡಕ್ಕನೆ ಕೆಳಗಿಳಿಯುತ್ತದೆ. ಕೆಲವೇ ಗಂಟೆಗಳಲ್ಲಿ ನಡುಕ, ಬೆವರು. ಸಾಮಾನ್ಯವಾಗಿ ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. 48ರಿಂದ 72 ಗಂಟೆಗಳ ಹೊತ್ತಿಗೆ ಕೆಲವರಿಗೆ ಡೆಲಿರಿಯಮ್ ಟ್ರೆಮೆನ್ಸ್: ಗೊಂದಲ, ಇಲ್ಲದ್ದು ಕಾಣುವುದು, ಜ್ವರ. ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೇ ಕುತ್ತು. ಹಾಗಾಗಿ ಬಹಳ ಕಾಲ ದಿನವೂ ಕುಡಿದವರನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸುವ ಪ್ರಯತ್ನ ಅಪಾಯಕಾರಿ. ಆಸ್ಪತ್ರೆಯಲ್ಲಿ ಗಾಬಾದ ಕೆಲಸ ಹೆಚ್ಚಿಸುವ ಬೆಂಜೊಡಯಾಜೆಪೈನ್ ಔಷಧ ಕೊಟ್ಟು ಮೆಲ್ಲಗೆ ಇಳಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1. ಕೊರತೆ ಇರುವವರಿಗೆ ಬರಿ ಗ್ಲೂಕೋಸ್ ಏರಿಸಿದರೆ ವರ್ನಿಕೆ ಎನ್ಸೆಫಲೋಪತಿ ಎಂಬ ಮಿದುಳಿನ ಗಂಭೀರ ತೊಂದರೆ ಬರುವ ಭಯವಿದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಇದನ್ನು ಕೇಳಬಹುದು.

ಈಗ ಎಂಡಾರ್ಫಿನ್‌ಗೆ ವಾಪಸ್. ನಾಲ್ಟ್ರೆಕ್ಸೋನ್ ಮಾತ್ರೆ ಎಂಡಾರ್ಫಿನ್ ಕೂರಬೇಕಾದ ಓಪಿಯಾಯ್ಡ್ ಗ್ರಾಹಕಗಳ ಮೇಲೆ ಕೂತು ಎಂಡಾರ್ಫಿನ್‌ಗೆ ಜಾಗ ಕೊಡುವುದಿಲ್ಲ. ಕಾವಲುಗಾರ ಎಚ್ಚರವಾಗಿಯೇ ಇರುತ್ತಾನೆ, ಡೋಪಮೈನ್ ಮೊದಲಿನಷ್ಟು ಉಕ್ಕುವುದಿಲ್ಲ. ಮದ್ಯ ಅವಲಂಬನೆಗೆ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 1994ರಲ್ಲಿ. ಕುಡಿದರೆ ವಾಂತಿ ಬರಿಸುವ ಡೈಸಲ್ಫಿರಾಮ್‌ಗೂ ಇದಕ್ಕೂ ಗಲಿಬಿಲಿ ಮಾಡಿಕೊಳ್ಳಬೇಡಿ. ಅದು ಯಕೃತ್ತಿನ ಕಿಣ್ವ ತಡೆದು, ಮದ್ಯ ಒಡೆದಾಗ ಬರುವ ಅಸಿಟಾಲ್ಡಿಹೈಡ್ ಶೇಖರವಾಗುವಂತೆ ಮಾಡುತ್ತದೆ, ಆ ವಾಂತಿಗೂ ಪ್ರತಿಫಲದ ದಾರಿಗೂ ಸಂಬಂಧವಿಲ್ಲ. ನಾಲ್ಟ್ರೆಕ್ಸೋನ್ ಶುರು ಮಾಡುವ ಮುಂಚೆ ಯಕೃತ್ತಿನ ಪರೀಕ್ಷೆ ನೋಡಬೇಕು. ಅದೇ ಓಪಿಯಾಯ್ಡ್ ಗ್ರಾಹಕಗಳ ಮೇಲೆ ಕೆಲಸ ಮಾಡುವ ಟ್ರಮಡಾಲ್‌ನಂಥ ನೋವಿನ ಮಾತ್ರೆ ತೆಗೆದುಕೊಳ್ಳುತ್ತಿದ್ದಾರಾ ಎಂದು ರೋಗಿಯನ್ನೂ ಮನೆಯವರನ್ನೂ ಕೇಳಬೇಕು. ಹೌದು ಅಂದರೆ ನಾಲ್ಟ್ರೆಕ್ಸೋನ್ ಕೊಡದೆ ಮೊದಲು ಡಾಕ್ಟರಿಗೆ ತಿಳಿಸಿ.