ಹೊಸ ಗೊಬ್ಬರದ ಪಾತಿಗೆ ಕ್ಯಾರೆಟ್ ಹಾಕಬೇಡಿ

ಅಕ್ಟೋಬರಿನಲ್ಲಿ ಮಳೆ ಬಿಟ್ಟು ನಾಲ್ಕು ದಿನ ಬಿಸಿಲು ಬಿತ್ತೆಂದರೆ ಕೊಡಗಿನ ಹಿತ್ತಲುಗಳಲ್ಲಿ ಒಂದೇ ಕೆಲಸ. ಕೊಟ್ಟಿಗೆಯಿಂದ ಗೊಬ್ಬರ ಹೊತ್ತು ತಂದು ಪಾತಿಗೆ ಸುರಿಯುವುದು, ವಾರ ಕಳೆಯುವುದರೊಳಗೆ ಕ್ಯಾರೆಟ್, ಮೂಲಂಗಿ, ಬೀನ್ಸ್ ಬಿತ್ತುವುದು. ಜನವರಿಗೆ ದೂರು ಬರುತ್ತದೆ: "ಅಷ್ಟೊಂದು ಗೊಬ್ಬರ ಹಾಕಿದ್ದೆವು, ಆದರೂ ಕ್ಯಾರೆಟ್ ಯಾಕೆ ಹೀಗೆ?" ಗೊಬ್ಬರ ಹಾಕಿದ್ದರಿಂದಲೇ ಹೀಗೆ. ಎಷ್ಟು ಸಲ ಹೇಳಿದರೂ ಈ ಒಂದು ಮಾತು ತಲೆಗೆ ಹೋಗುವುದಿಲ್ಲ.

ಅಂಥ ಒಂದು ಕ್ಯಾರೆಟ್ ಕಿತ್ತು ನೋಡಿ. ಕತ್ತು ಹೆಬ್ಬೆರಳಿನಷ್ಟು ದಪ್ಪ, ಎರಡು ಇಂಚು ಕೆಳಗೆ ಮೂರು ಕವಲು, ಮೈತುಂಬ ಕೂದಲಿನಂಥ ಬೇರು, ಕವಲುಗಳ ಸಂದಿಯಲ್ಲಿ ಕಳಿಯದ ಸಗಣಿಯ ಹೆಂಟೆ. ಕ್ಯಾರೆಟ್ ಮೊಳೆತ ಮೊದಲ ವಾರಗಳಲ್ಲಿ ಒಂದು ತೆಳುವಾದ ತಾಯಿಬೇರನ್ನು ನೇರ ಕೆಳಗೆ ಇಳಿಸುತ್ತದೆ. ಆ ತುದಿ ಹಸಿ ಗೊಬ್ಬರದ ಉಂಡೆಗೆ ತಾಗಿ, ಅಲ್ಲಿನ ಅಮೋನಿಯಾಕ್ಕೆ ಸುಟ್ಟರೆ ಬೆಳವಣಿಗೆ ಅಲ್ಲಿಗೆ ನಿಂತಿತು. ಪಕ್ಕದ ಬೇರುಗಳು ದಪ್ಪಗಾಗುತ್ತವೆ. ಆಮೇಲೆ ಏನು ಮಾಡಿದರೂ ಅದು ನೆಟ್ಟಗಾಗುವುದಿಲ್ಲ. ಸಾರಜನಕ ಹೆಚ್ಚಾದರೆ ಗಿಡದ ಶಕ್ತಿಯೆಲ್ಲ ಸೊಪ್ಪಿಗೆ ಹೋಗುತ್ತದೆ. ಹಾಗೆಂದು ಕವಲೊಡೆದ ಪ್ರತಿ ಕ್ಯಾರೆಟ್‌ಗೂ ಗೊಬ್ಬರವೇ ಕಾರಣ ಎನ್ನಲಾಗದು. ಕಲ್ಲು, ಗಟ್ಟಿ ಮಣ್ಣು, ಸಸಿ ಕಿತ್ತು ನೆಡುವುದು, ಮಣ್ಣಿನ ಜಂತುಹುಳದ (ನೆಮಟೋಡ್) ಬಾಧೆಯಿಂದಲೂ ಹೀಗಾಗುತ್ತದೆ. ಬೇರಿನಲ್ಲಿ ಗಂಟುಗಳಿದ್ದರೆ ಜಂತುಹುಳವನ್ನೇ ಸಂಶಯಿಸಿ.

ಬೀನ್ಸ್ ಕಥೆ ಬೇರೆ. ಅದರ ಬೇರಿನ ಗಂಟುಗಳು ಆರೋಗ್ಯದ ಗುರುತು. ಗಿಡವೊಂದನ್ನು ಮೆಲ್ಲಗೆ ಅಗೆದು ತೆಗೆದು ಗಂಟು ಕೊಯ್ದು ನೋಡಿ. ಒಳಗೆ ನಸುಗೆಂಪು ಇದ್ದರೆ ಅದು ಗಾಳಿಯ ಸಾರಜನಕ ಹಿಡಿಯುತ್ತಿದೆ. ಮಣ್ಣಿನಲ್ಲೇ ಸಾರಜನಕ ತುಂಬಿಕೊಂಡಿದ್ದರೆ ಗಂಟೇ ಸರಿಯಾಗಿ ಕಟ್ಟುವುದಿಲ್ಲ. ಬಳ್ಳಿ ಮೇಲಕ್ಕೆ ಹೋಗುತ್ತದೆ, ಕಾಯಿ ತಡವಾಗುತ್ತದೆ. ಬಟಾಣಿ, ಅಲಸಂದೆಗೂ ಇದೇ ಮಾತು. ಗೆಣಸೂ ಹಾಗೆಯೇ: ಬಳ್ಳಿ ಸೊಂಪು, ಗೆಡ್ಡೆ ಬಡಕಲು.

ಹಾಗಾದರೆ ಹೊಸ ಗೊಬ್ಬರದ ಪಾತಿಗೆ ಏನು? ಕುಂಬಳ, ಸೋರೆ, ಹೀರೆ, ಎಲೆಕೋಸು, ನವಿಲುಕೋಸು, ಕೆಸ. ಇವು ಹೊಟ್ಟೆಬಾಕ ಬೆಳೆಗಳು. ಕುಂಬಳಕ್ಕೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಐದು ಕಿಲೋ ಗೊಬ್ಬರವನ್ನು ಮೇಲ್ಮಣ್ಣಿನೊಂದಿಗೆ ಬೆರೆಸಿ ತುಂಬಿ. ಮೇಲೆ ನಾಲ್ಕು ಇಂಚು ಬರೀ ಮಣ್ಣು ಇರಲಿ, ಬೀಜ ಅದರಲ್ಲೇ ಮೊಳೆಯಲಿ. ನಾಲ್ಕು ಬೀಜ ಹಾಕಿ, ಚೆನ್ನಾಗಿ ಬಂದ ಎರಡನ್ನು ಉಳಿಸಿ. ಕೋಸಿನ ಪಾತಿಗೆ ಚದರ ಮೀಟರಿಗೆ ಎರಡೂವರೆ ಕಿಲೋ ಕೊಟ್ಟಿಗೆ ಗೊಬ್ಬರ ಸಾಕು. ಕೋಳಿ ಗೊಬ್ಬರವಾದರೆ ಅದರ ಕಾಲು ಭಾಗ ದಾಟಬೇಡಿ, ಅದನ್ನೂ ಕಳಿತ ಮೇಲೆಯೇ ಹಾಕಿ. ಟೊಮೆಟೊ, ಬದನೆ, ಮೆಣಸಿನಕಾಯಿ ನಡುವಿನವು. ಚೆನ್ನಾಗಿ ಕಳಿತ ಗೊಬ್ಬರವನ್ನು ಒಪ್ಪುತ್ತವೆ, ಹಸಿಯದು ಸಿಕ್ಕರೆ ಎಲೆ ಕಡುಹಸಿರಾಗಿ ಹೂವು ತಡವಾಗುತ್ತದೆ.

"ನಮ್ಮದು ಕಳಿತಿದೆ" ಎಂದು ಎಲ್ಲರೂ ಹೇಳುತ್ತಾರೆ. ಒಂದು ಹಿಡಿ ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ನೆರಳಲ್ಲಿಟ್ಟು ಬಿಚ್ಚಿ. ಮೂಗಿಗೆ ಚುರುಕು ವಾಸನೆ ಹೊಡೆದರೆ ಕಳಿತಿಲ್ಲ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಸರಿ. ಕೊಟ್ಟಿಗೆಗೆ ಹಾಸಿದ ತರಗೆಲೆ ಇನ್ನೂ ಎಲೆಯಾಗಿಯೇ ಕಾಣುತ್ತಿದ್ದರೂ ಕಾಯಬೇಕು. ಅದು ಕಳಿಯಲು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಸಸಿ ಹಳದಿಯಾಗುತ್ತದೆ. ಬಿಳಿ ಗೊಣ್ಣೆಹುಳುಗಳಿದ್ದರೆ ಆರಿಸಿ ತೆಗೆದ ಮೇಲೆಯೇ ಹಿತ್ತಲಿಗೆ ತನ್ನಿ.

ಹಸಿಯಾಗಿ ತಿನ್ನುವ ತರಕಾರಿಯ ವಿಷಯದಲ್ಲಿ ರಾಜಿ ಬೇಡ. ಕೊತ್ತಂಬರಿ, ಮೂಲಂಗಿ, ನೆಲದ ಮೇಲೆ ಹಬ್ಬಿಸಿದ ಸೌತೆಗೆ ಹಸಿ ಸಗಣಿ ಹಾಕಿದ ದಿನದಿಂದ ಕೊಯ್ಲಿಗೆ ಕನಿಷ್ಠ 120 ದಿನ ಇರಲೇಬೇಕು. ಮೂಲಂಗಿ 45 ದಿನಕ್ಕೇ ಬರುತ್ತದೆ, ಲೆಕ್ಕ ನೀವೇ ಹಾಕಿ. ಹಂದಿ ಗೊಬ್ಬರವನ್ನು ತರಕಾರಿಯ ಹತ್ತಿರವೂ ತರಬೇಡಿ. ಅದರಲ್ಲಿನ ಹೊಟ್ಟೆಯ ಜಂತಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲದು.

ಸುಣ್ಣದ ಬಗ್ಗೆಯೂ ಒಂದು ಮಾತು. ನಮ್ಮದು ಹುಳಿ ಮಣ್ಣು, ಸುಣ್ಣ ಬೇಕು, ನಿಜ. ಆದರೆ ಅದನ್ನು ಗೊಬ್ಬರದ ಜೊತೆಗೇ ಎರಚಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರುತ್ತದೆ. ಎರಡರ ನಡುವೆ ಮೂರು ವಾರ ಬಿಡಿ. ಒಲೆಯ ಬೂದಿಗೂ ಅದೇ ಅಂತರ. ಮೇ ತಿಂಗಳಲ್ಲಿ ಖಾಲಿ ಪಾತಿಗೆ ಗೊಬ್ಬರ ಹಾಕಿಡುವವರೂ ಇದ್ದಾರೆ. ಮಡಿಕೇರಿ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಗೊಬ್ಬರದ ಸತ್ವವೆಲ್ಲ ತೋಡಿಗೆ ಹೋಗುತ್ತದೆ. ಆ ತಿಂಗಳುಗಳಲ್ಲಿ ಗೊಬ್ಬರದ ರಾಶಿಗೆ ತಗಡು ಹೊದಿಸಿ.

ಹಿತ್ತಲನ್ನು ಮೂರು ಪಾತಿ ಮಾಡಿಕೊಳ್ಳಿ. ಈ ವರ್ಷ ಗೊಬ್ಬರ ಕಂಡದ್ದಕ್ಕೆ ಕುಂಬಳ, ಕೋಸು. ಕಳೆದ ವರ್ಷದ್ದಕ್ಕೆ ಟೊಮೆಟೊ, ಬದನೆ. ಅದರ ಹಿಂದಿನ ವರ್ಷದ್ದಕ್ಕೆ ಕ್ಯಾರೆಟ್, ಬೀಟ್‌ರೂಟ್, ಬೀನ್ಸ್. ಈಗಾಗಲೇ ಹೊಸ ಗೊಬ್ಬರ ಸುರಿದು ಕ್ಯಾರೆಟ್ ಬೀಜ ಕೈಯಲ್ಲಿ ಹಿಡಿದು ನಿಂತಿದ್ದೀರಾ? ಗೊಬ್ಬರ ತೆಗೆಯಬೇಕಿಲ್ಲ. ಬೀಜದ ಪೊಟ್ಟಣ ಒಳಗಿಟ್ಟು, ಮೂರು ವಾರ ಬಿಟ್ಟು ನವಿಲುಕೋಸಿನ ಸಸಿ ನೆಡಿ.