ಒಂದೇ ಜನ್ಮಸಮಯ, ಎರಡು ನಕ್ಷತ್ರ: ಜ್ಯೋತಿಷದ ಜಾಲತಾಣಗಳನ್ನು ಓದುವ ಬಗೆ

ಅಕ್ಕನ ಮಗಳು ಹುಟ್ಟಿದ ಸಮಯವನ್ನು ಎರಡು ಜಾಲತಾಣಗಳಿಗೆ ಹಾಕಿದೆ. ಒಂದರಲ್ಲಿ ಕೃತ್ತಿಕೆ ನಾಲ್ಕನೇ ಪಾದ ಬಂತು, ಇನ್ನೊಂದರಲ್ಲಿ ರೋಹಿಣಿ ಒಂದನೇ ಪಾದ. "ಯಾವುದು ಸರಿ ಹೇಳೋ" ಅಂದಳು ಅಕ್ಕ. ನಾನು ತಡವರಿಸಿದೆ. ಆಮೇಲೆ ಕೂತು ಬರೆದುಕೊಂಡ ಟಿಪ್ಪಣಿ ಇದು. ಹುಡುಕುವಾಗ ಸಿಕ್ಕ ಕೆಲವು ವಿಚಿತ್ರ ತಾಣಗಳೂ ಇದರಲ್ಲಿವೆ.

ಗ್ರಹಗಳು ಎಲ್ಲಿವೆ ಅನ್ನುವುದರಲ್ಲಿ ಒಳ್ಳೆಯ ತಾಣಗಳ ನಡುವೆ ಜಗಳವೇ ಇಲ್ಲ. ಸ್ವಿಟ್ಜರ್ಲೆಂಡಿನ ಆಸ್ಟ್ರೊಡೀನ್ಸ್ಟ್ ಸಂಸ್ಥೆ 1997ರಲ್ಲಿ 'ಸ್ವಿಸ್ ಎಫೆಮೆರಿಸ್' ಅನ್ನುವ ಲೆಕ್ಕದ ತಂತ್ರಾಂಶವನ್ನು ಹೊರತಂದಿತು. ಅದಕ್ಕೆ ಆಧಾರ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಗ್ರಹಗಣಿತ. ನಮ್ಮಲ್ಲಿ ತುಂಬ ಜನ ಬಳಸುವ, ಉಚಿತವಾಗಿ ಸಿಗುವ ಜಾತಕದ ತಂತ್ರಾಂಶ 'ಜಗನ್ನಾಥ ಹೋರ' ಕೂಡ ಸ್ವಿಸ್ ಎಫೆಮೆರಿಸನ್ನೇ ನಂಬಿಕೊಂಡಿದೆ. ಅಂದರೆ ಬಾವಿ ಒಂದೇ, ಕೊಡಗಳು ಬೇರೆ.

ಹಾಗಾದರೆ ನಕ್ಷತ್ರ ಬದಲಾಗಿದ್ದು ಹೇಗೆ? ಅಯನಾಂಶದಿಂದ. ವಸಂತ ವಿಷುವದ ಬಿಂದು (ಮಾರ್ಚಿನಲ್ಲಿ ಹಗಲು ರಾತ್ರಿ ಸಮವಾಗುವಾಗ ಸೂರ್ಯ ಇರುವ ಜಾಗ) ಸ್ಥಿರ ನಕ್ಷತ್ರಗಳ ಎದುರು ಸುಮಾರು 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರಿಯುತ್ತಿದೆ. ಪಶ್ಚಿಮದವರು ಆ ಬಿಂದುವನ್ನೇ ಮೇಷದ ಶುರು ಅಂತ ಹಿಡಿಯುತ್ತಾರೆ, ಅದು ಸಾಯನ. ನಾವು ನಕ್ಷತ್ರಗಳನ್ನು ಹಿಡಿಯುತ್ತೇವೆ, ಇದು ನಿರಯನ. ಎರಡರ ನಡುವಿನ ಅಂತರವೇ ಅಯನಾಂಶ, ಈಗ ಸುಮಾರು 24 ಡಿಗ್ರಿ. ಆಸ್ಟ್ರೊಡೀನ್ಸ್ಟ್ ತಾಣದಲ್ಲಿ ಮೊದಲ ಸಲ ಜಾತಕ ತೆಗೆದವರು "ನನ್ನ ರಾಶಿಯೇ ಬದಲಾಯ್ತಲ್ಲ" ಅಂತ ಗಾಬರಿಯಾಗುವುದು ಇದಕ್ಕೇ. ಅಲ್ಲಿ ಸುಮ್ನೆ ಬಿಟ್ಟರೆ ಬರುವುದು ಸಾಯನ. ನಿರಯನವನ್ನು ನಾವೇ ಆರಿಸಿಕೊಳ್ಳಬೇಕು.

ತೊಂದರೆ ಏನೆಂದರೆ, ನಿರಯನದ ಸೊನ್ನೆ ಎಲ್ಲಿ ಅನ್ನುವುದರಲ್ಲೇ ಒಮ್ಮತವಿಲ್ಲ. ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಚಿತ್ರಾ ನಕ್ಷತ್ರವನ್ನು ಆಧಾರವಾಗಿ ಇಟ್ಟುಕೊಂಡಿತು. 1957ರಿಂದ ರಾಷ್ಟ್ರೀಯ ಪಂಚಾಂಗ ನಡೆಯುತ್ತಿರುವುದು ಅದರ ಮೇಲೆಯೇ. ಜನ ಅದನ್ನು ಲಾಹಿರಿ ಅಯನಾಂಶ ಅಂತ ಕರೆಯುತ್ತಾರೆ. ನಮ್ಮ ಬೆಂಗಳೂರಿನ ಜ್ಯೋತಿಷಿ ಬಿ.ವಿ. ರಾಮನ್ ಬೇರೆ ಲೆಕ್ಕ ಹಿಡಿದರು. ಅವರ ಅಯನಾಂಶ ಲಾಹಿರಿಗಿಂತ ಸುಮಾರು 1 ಡಿಗ್ರಿ 27 ಕಲೆ ಕಡಿಮೆ. (ಒಂದು ಡಿಗ್ರಿಗೆ 60 ಕಲೆ.)

ಇದು ಚಿಕ್ಕದು ಅನ್ನಿಸುತ್ತೆ ಅಲ್ವಾ? ಲೆಕ್ಕ ಹಾಕಿ ನೋಡಿ. ಲಾಹಿರಿಯಲ್ಲಿ ಚಂದ್ರ ವೃಷಭದ 9 ಡಿಗ್ರಿಯಲ್ಲಿದ್ದಾನೆ ಅಂದುಕೊಳ್ಳಿ. ಕೃತ್ತಿಕೆ ಮುಗಿಯುವುದು 10ಕ್ಕೆ, ಇನ್ನೂ ಒಂದು ಡಿಗ್ರಿ ಬಾಕಿ. ಹುಟ್ಟುವಾಗ ಚಂದ್ರ ಇರುವ ನಕ್ಷತ್ರದ ಒಡೆಯ ಗ್ರಹದ ಅವಧಿಯಿಂದ, ಅಂದರೆ ದಶೆಯಿಂದ, ಬದುಕು ಶುರು; ಕೃತ್ತಿಕೆಗೆ ಒಡೆಯ ರವಿ, ರೋಹಿಣಿಗೆ ಚಂದ್ರ. ಒಂದು ನಕ್ಷತ್ರ 13 ಡಿಗ್ರಿ 20 ಕಲೆ, ರವಿ ದಶೆ 6 ವರ್ಷ. ಹಾಗಾಗಿ ಹುಟ್ಟುವಾಗ ಉಳಿದ ರವಿ ದಶೆ ಸುಮಾರು ಐದೂವರೆ ತಿಂಗಳು, ಆಮೇಲೆ 10 ವರ್ಷ ಚಂದ್ರ ದಶೆ. ರಾಮನ್ ಅಯನಾಂಶದಲ್ಲಿ ಅದೇ ಚಂದ್ರ 10 ಡಿಗ್ರಿ 27 ಕಲೆಗೆ ಹೋಗುತ್ತಾನೆ. ರೋಹಿಣಿ ಆಗಲೇ ಶುರುವಾಗಿದೆ, ರವಿ ದಶೆ ಇಲ್ಲವೇ ಇಲ್ಲ. ಚಂದ್ರ ದಶೆ ಮುಗಿಯುವ ದಿನ ಒಂಬತ್ತು ತಿಂಗಳಿಗೂ ಜಾಸ್ತಿ ಹಿಂದಕ್ಕೆ ಬರುತ್ತದೆ. ಶುಕ್ರನ ನಕ್ಷತ್ರವಾದರೆ 20 ವರ್ಷದ ದಶೆ, ಆಗ ವ್ಯತ್ಯಾಸ ಎರಡು ವರ್ಷ ದಾಟುತ್ತದೆ. ಅಕ್ಕನ ಮಗಳದ್ದು ಇದೇ ಕಥೆ. ಎರಡೂ ತಾಣಗಳ ಗಣಿತ ಸರಿಯಿತ್ತು, ಅಯನಾಂಶ ಬೇರೆಯಿತ್ತು. ಅದನ್ನು ಪುಟದ ಮೇಲೆ ಎದ್ದು ಕಾಣುವಂತೆ ಬರೆಯದ ತಾಣವನ್ನು ನಾನಂತೂ ಈಗ ಮುಟ್ಟುವುದಿಲ್ಲ. ಜಾತಕ ತೋರಿಸುವ ಮೊದಲೇ ಫೋನ್ ನಂಬರ್ ಕೇಳುವ ತಾಣವನ್ನೂ ಅಷ್ಟೇ.

ರಾಹುವಿನದ್ದು ಚಿಕ್ಕ ಮಾತು. 'ಮಧ್ಯಮ' ರಾಹು ಒಂದೇ ವೇಗದಲ್ಲಿ ಹಿಮ್ಮುಖ ನಡೆಯುತ್ತಾನೆ, 'ಸ್ಪಷ್ಟ' ರಾಹು ಓಲಾಡುತ್ತಾನೆ. ಯಾವುದನ್ನು ಆರಿಸಿದ್ದೀರಿ ಅಂತ ಬರೆದಿಟ್ಟುಕೊಳ್ಳಿ, ಸಾಕು.

ಗಡಿಯಾರದ ವಿಷಯ ಮಾತ್ರ ಮಜವಾಗಿದೆ. ನಮ್ಮಜ್ಜಿ ಹುಟ್ಟಿದ್ದು 1944ರಲ್ಲಿ. ಎರಡನೇ ಮಹಾಯುದ್ಧದ ಸಮಯದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್‌ವರೆಗೆ, ಭಾರತದ ಗಡಿಯಾರಗಳನ್ನು ಒಂದು ಗಂಟೆ ಮುಂದಿಟ್ಟಿದ್ದರು. ತಾಣ ಇದನ್ನು ಮರೆತರೆ ಲಗ್ನ ಹೆಚ್ಚುಕಡಿಮೆ ಅರ್ಧ ರಾಶಿ ಜರುಗುತ್ತದೆ. ಆ ಕಾಲದ ಒಂದು ಜಾತಕ ಹಾಕಿ ನೋಡಿದರೆ ತಾಣದ ಯೋಗ್ಯತೆ ಗೊತ್ತಾಗುತ್ತದೆ. ಅಜ್ಜಿಯ ಜಾತಕದಲ್ಲಿ ಬರೆದಿದ್ದದ್ದು ಗಂಟೆಯಲ್ಲ, ಸೂರ್ಯೋದಯದಿಂದ ಇಷ್ಟು ಘಳಿಗೆ ಅಂತ. ಹಾಗೆ ಬರೆದವರಿಗೆ ಯುದ್ಧದ ಗಡಿಯಾರದ ಹಂಗೇ ಇಲ್ಲ!

ದೃಕ್ ಪಂಚಾಂಗ ತಾಣ ಕನ್ನಡದಲ್ಲೂ ಇದೆ. ಅಲ್ಲಿ ಸಮಯವನ್ನು 24 ಗಂಟೆ ದಾಟಿಸಿ ತೋರಿಸುವ ಒಂದು ಆಯ್ಕೆ ಇದೆ. ತಿಥಿ "26:15"ರವರೆಗೆ ಅಂದರೆ ನಡುರಾತ್ರಿ ಕಳೆದು ಎರಡೂಕಾಲು. ನಮ್ಮ ದಿನ ಬದಲಾಗುವುದು ಸೂರ್ಯೋದಯಕ್ಕೆ ತಾನೇ. ಅದಕ್ಕೇ ಈ ಲೆಕ್ಕ. ನ್ಯೂಜೆರ್ಸಿಯಲ್ಲೋ ಸಿಡ್ನಿಯಲ್ಲೋ ಇರುವವರು ಊರನ್ನು ಮರೆಯದೆ ಬದಲಿಸಿ. ತಿಥಿ ಮುಗಿಯುವ ಗಳಿಗೆ ಇಡೀ ಭೂಮಿಗೆ ಒಂದೇ, ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ಬೆಂಗಳೂರಿನ ಏಕಾದಶಿ ನ್ಯೂಜೆರ್ಸಿಯಲ್ಲಿ ಹಿಂದಿನ ದಿನ ಬರಬಹುದು.

ಇನ್ನು ಆಸ್ಟ್ರೊ ಡಾಟಾಬ್ಯಾಂಕ್. ಅಮೆರಿಕದ ಲೋಯಿಸ್ ರಾಡೆನ್ ಪ್ರಸಿದ್ಧರ ಜನ್ಮಸಮಯಗಳನ್ನು ವರ್ಷಗಟ್ಟಲೆ ಕೂಡಿಸಿ, ಪ್ರತಿಯೊಂದಕ್ಕೂ ದರ್ಜೆ ಕೊಟ್ಟರು. ಜನನ ದಾಖಲೆ ಇದ್ದರೆ ಎಎ. ಮನೆಯವರ ನೆನಪಾದರೆ ಎ. ಮೂಲವೇ ಗೊತ್ತಿಲ್ಲದಿದ್ದರೆ ಸಿ. ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರೆ ಡಿಡಿ, ಅಂದರೆ 'ಕೊಳಕು ಮಾಹಿತಿ'. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಸಿನಿಮಾ ನಟರ ಜಾತಕಗಳನ್ನು ಈ ತಕ್ಕಡಿಗೆ ಹಾಕಿದರೆ ಎಷ್ಟು ಉಳಿಯುತ್ತವೋ!

ನಾಸಾದ ಗ್ರಹಣ ತಾಣದಲ್ಲಿ ಐದು ಸಾವಿರ ವರ್ಷಗಳ 11,898 ಸೂರ್ಯಗ್ರಹಣಗಳ ಪಟ್ಟಿ ಇದೆ. ನಮ್ಮ ಹಳೆಯ ಶಾಸನಗಳಲ್ಲಿ ಸೂರ್ಯಗ್ರಹಣದ ದಿನ ಭೂಮಿ ದಾನ ಕೊಟ್ಟ ಮಾತು ಬರುತ್ತಲೇ ಇರುತ್ತದೆ. ಶಕವರ್ಷ ಹಿಡಿದು ಈ ಪಟ್ಟಿಯಲ್ಲಿ ಹುಡುಕಿ ನೋಡಿ, ಒಂದು ಭಾನುವಾರ ಹೋಗಿದ್ದೇ ಗೊತ್ತಾಗಲ್ಲ.

ನನಗೆ ತುಂಬ ಹಿಡಿಸಿದ್ದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ 'ಕೇಸ್‌ಬುಕ್ಸ್'. ಸೈಮನ್ ಫೋರ್ಮನ್ ಮತ್ತು ರಿಚರ್ಡ್ ನೇಪಿಯರ್ ಅನ್ನುವ ಇಂಗ್ಲೆಂಡಿನ ಇಬ್ಬರು ಜ್ಯೋತಿಷಿ ವೈದ್ಯರು 1596ರಿಂದ 1634ರವರೆಗೆ ಬರೆದಿಟ್ಟ ಸುಮಾರು 80,000 ಪ್ರಕರಣಗಳು ಅಲ್ಲಿವೆ. ರೋಗಿಯ ಹೆಸರು, ವಯಸ್ಸು, ಕೇಳಿದ ಪ್ರಶ್ನೆ, ಕೇಳಿದ ಹೊತ್ತು, ಆ ಹೊತ್ತಿಗೆ ಹಾಕಿದ ಕುಂಡಲಿ. ನಮ್ಮ ಪ್ರಶ್ನಶಾಸ್ತ್ರದ ಹಾಗೇ, ಹುಟ್ಟಿದ ಸಮಯವಲ್ಲ, ಪ್ರಶ್ನೆ ಕೇಳಿದ ಸಮಯ. ಕರಾವಳಿಯಲ್ಲಿ ಅಷ್ಟಮಂಗಲ ಪ್ರಶ್ನೆ ನೋಡಿದವರಿಗೆ ಇದು ಪರಿಚಿತ ಅನ್ನಿಸುತ್ತದೆ. ಕುಂಡಲಿಯೂ ಚೌಕವೇ, ಆದರೆ ಒಳಗಿನ ಗೆರೆಗಳು ಉತ್ತರ ಭಾರತದ ಕುಂಡಲಿಯನ್ನು ನೆನಪಿಸುತ್ತವೆ. ಕೈಬರಹ ಮಾತ್ರ ದೇವರೇ ಗತಿ. ಅಚ್ಚಿನ ಅಕ್ಷರಕ್ಕೆ ಇಳಿಸಿದ ಕೆಲವು ಪ್ರಕರಣಗಳಿವೆ, ಅಲ್ಲಿಂದ ಶುರು ಮಾಡಿ.